ಐದು ನಿಮಿಷದ ಸ್ಪ್ರೇ, ಹದಿನೈದು ದಿನದ ಸ್ಪ್ರೇ

ಪುಣೆಯಾಗಲಿ ದೆಹಲಿಯಾಗಲಿ, ಯಾವ ಮೆಡಿಕಲ್ ಶಾಪಿಗೆ ಹೋದರೂ ಮೂಗಿಗೆ ಹಾಕುವ ಎರಡು ಬಗೆಯ ಪುಟ್ಟ ಬಾಟಲಿಗಳು ಸಿಗುತ್ತವೆ. ಒಂದನ್ನು ಹಾಕಿದರೆ ಐದು ಹತ್ತು ನಿಮಿಷದಲ್ಲಿ ಕಟ್ಟಿದ ಮೂಗು ಬಿಡುತ್ತದೆ. ಇನ್ನೊಂದನ್ನು ಹಾಕಿದ ದಿನ ಏನೂ ಆದಂತೆ ಅನ್ನಿಸುವುದಿಲ್ಲ. ವಾರ, ಹದಿನೈದು ದಿನ ತಪ್ಪದೆ ಹಾಕಿದ ಮೇಲೆ, ಬೆಳಿಗ್ಗೆ ಏಳುತ್ತಲೇ ಸಾಲಾಗಿ ಬರುತ್ತಿದ್ದ ಸೀನು ನಿಂತುಹೋಗಿದೆ ಎಂದು ಯಾವಾಗಲೋ ಗಮನಕ್ಕೆ ಬರುತ್ತದೆ.

ಮೊದಲನೆಯದನ್ನು ಕೊಂಡವರು ಮತ್ತೆ ಮತ್ತೆ ಕೊಳ್ಳುತ್ತಾರೆ. ಎರಡನೆಯದನ್ನು ಕೊಂಡವರಲ್ಲಿ ಹಲವರು ನಾಲ್ಕನೆಯ ದಿನಕ್ಕೆ ‘ಇದರಿಂದ ಏನೂ ಉಪಯೋಗವಿಲ್ಲ’ ಎಂದು ಬದಿಗಿಡುತ್ತಾರೆ. ಇನ್ನು ಕೆಲವರು ಡಬ್ಬಿಯೊಳಗಿನ ಚೀಟಿಯಲ್ಲಿ ‘ಸ್ಟೀರಾಯ್ಡ್’ ಎಂಬ ಪದ ಕಂಡ ಕೂಡಲೇ ಮುಚ್ಚಳ ಹಾಕಿಬಿಡುತ್ತಾರೆ. ವೈದ್ಯಶಾಸ್ತ್ರದ ತೀರ್ಮಾನ ಇದಕ್ಕೆ ನೇರ ವಿರುದ್ಧವಾಗಿದೆ. ಕಾಡುವ ಅಲರ್ಜಿ ನೆಗಡಿಗೆ ಆಸರೆಯಾಗಬೇಕಾದದ್ದು ಎರಡನೆಯದು. ಮೊದಲನೆಯದನ್ನು ಕೆಲವೇ ದಿನಗಳಿಗಿಂತ ಹೆಚ್ಚು ಬಳಸಿದರೆ ಅದೇ ರೋಗವಾಗುತ್ತದೆ. ಈ ತೀರ್ಮಾನಕ್ಕೆ ಬರಲು ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಅಷ್ಟೂ ಕಾಲ ವೈದ್ಯರನ್ನೂ ರೋಗಿಗಳನ್ನೂ ದಾರಿ ತಪ್ಪಿಸಿದ್ದು ಒಂದೇ ಸಂಗತಿ: ಮೂಗಿಗೆ ತಕ್ಷಣ ಸಿಗುವ ಸುಖ.

ಹುಲ್ಲೂ ಅಲ್ಲ, ಜ್ವರವೂ ಅಲ್ಲ

1819ರ ಮಾರ್ಚ್ 16ರಂದು ಲಂಡನ್ನಿನ ವೈದ್ಯರ ಸಭೆಯೊಂದರಲ್ಲಿ ಜಾನ್ ಬಾಸ್ಟಾಕ್ ಎಂಬ ವೈದ್ಯ ಒಬ್ಬ ರೋಗಿಯ ವಿವರ ಓದಿದ. ರೋಗಿಯ ಹೆಸರು ಜೆ. ಬಿ., ವಯಸ್ಸು 46. ಎಂಟನೆಯ ವಯಸ್ಸಿನಿಂದ ಪ್ರತಿ ವರ್ಷ ಜೂನ್ ತಿಂಗಳು ಬಂತೆಂದರೆ ಅವನ ಕಣ್ಣು ಕೆಂಪಾಗಿ ಉರಿಯುತ್ತದೆ, ಸೀನು ನಿಲ್ಲುವುದಿಲ್ಲ, ಮೂಗು ಸೋರುತ್ತದೆ, ಎದೆ ಬಿಗಿಯುತ್ತದೆ. ಆ ಜೆ. ಬಿ. ಬೇರೆ ಯಾರೂ ಅಲ್ಲ, ಬಾಸ್ಟಾಕನೇ. ರಕ್ತ ತೆಗೆಸುವುದು, ಭೇದಿ ಮಾಡಿಸುವುದು, ಪಥ್ಯ, ತಣ್ಣೀರ ಸ್ನಾನ, ಅಫೀಮು, ಪಾದರಸ, ಡಿಜಿಟಾಲಿಸ್ ಎಲ್ಲವನ್ನೂ ಅವನು ತನ್ನ ಮೇಲೆ ಪ್ರಯೋಗಿಸಿ ನೋಡಿದ್ದ. ಯಾವುದೂ ಹೇಳಿಕೊಳ್ಳುವಂಥ ಫಲ ಕೊಟ್ಟಿರಲಿಲ್ಲ.

ಮುಂದಿನ ಒಂಬತ್ತು ವರ್ಷ ಹುಡುಕಿ, 1828ರಲ್ಲಿ ಅವನು 28 ರೋಗಿಗಳ ವಿವರ ಕೂಡಿಸಿದ. ಎಲ್ಲರೂ ಅನುಕೂಲಸ್ಥರು, ಬಡವರಲ್ಲಿ ಈ ಕಾಯಿಲೆ ತನಗೆ ಕಾಣಲಿಲ್ಲವೆಂದು ಬರೆದ. ಹೊಸದಾಗಿ ಒಣಗಿಸಿದ ಹುಲ್ಲಿನ ವಾಸನೆಯಿಂದ ಇದು ಬರುತ್ತದೆಂದು ಜನ ಆಗಲೇ ‘ಹೇ ಫೀವರ್’, ಅಂದರೆ ಒಣಹುಲ್ಲಿನ ಜ್ವರ, ಎನ್ನತೊಡಗಿದ್ದರು. ಬಾಸ್ಟಾಕ್ ಅದನ್ನು ಒಪ್ಪಲಿಲ್ಲ, ಬೇಸಿಗೆಯ ಬಿಸಿಲೇ ಕಾರಣವೆಂದು ಅವನ ವಾದ. ಕೆಂಟ್ ಕರಾವಳಿಯ ರಾಮ್ಸ್‌ಗೇಟ್ ಬಳಿ ಕಡಲ ಬಂಡೆಯ ಮೇಲಿನ ಮನೆಯಲ್ಲಿ ಬೇಸಿಗೆ ಕಳೆದಾಗ ಅವನಿಗೆ ಗುಣ ಕಂಡಿತ್ತು. ತಂಪು ಗಾಳಿಯಿಂದ ಗುಣವಾಯಿತೆಂದು ಅವನು ನಂಬಿದ. ಕಡಲ ಕಡೆಯಿಂದ ಬೀಸುವ ಗಾಳಿಯಲ್ಲಿ ಹುಲ್ಲಿನ ಪರಾಗ ಇರುವುದಿಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ.

ಅದನ್ನು ಕಂಡುಹಿಡಿದದ್ದು ಮ್ಯಾಂಚೆಸ್ಟರಿನ ವೈದ್ಯ ಚಾರ್ಲ್ಸ್ ಬ್ಲ್ಯಾಕ್ಲಿ. ಅವನೂ ಇದೇ ಕಾಯಿಲೆಯವನು. ಅಂಟು ಸವರಿದ ಗಾಜಿನ ಪಟ್ಟಿಗಳನ್ನು ಗಾಳಿಗೊಡ್ಡಿ ಅವುಗಳ ಮೇಲೆ ಕೂತ ಪರಾಗದ ಕಣಗಳನ್ನು ಸೂಕ್ಷ್ಮದರ್ಶಕದಡಿ ಎಣಿಸಿದ. ಗಾಳಿಪಟಗಳಿಗೆ ಕಟ್ಟಿ ಎತ್ತರದ ಗಾಳಿಯಿಂದಲೂ ಪರಾಗ ಹಿಡಿದ. ತನ್ನ ಚರ್ಮ ಗೀಚಿ ಪರಾಗ ಸವರಿ ಅದು ಊದಿಕೊಳ್ಳುವುದನ್ನು ಅಳೆದ. ಇಂದು ಅಲರ್ಜಿ ಕ್ಲಿನಿಕ್ಕುಗಳಲ್ಲಿ ಮಾಡುವ ಚರ್ಮದ ಪರೀಕ್ಷೆಯ ಮೂಲ ಇದೇ. 1873ರಲ್ಲಿ ಅವನ ಪುಸ್ತಕ ಬಂದಾಗ ಕಾರಣ ಖಚಿತವಾಯಿತು. ಔಷಧ ಮಾತ್ರ ಅವನ ಬಳಿಯೂ ಇರಲಿಲ್ಲ.

ಮೂಗು ಬಿಡಿಸುವ ಪುಡಿಗಳು

ಔಷಧ ಬಂದದ್ದು ಬೇರೆ ದಿಕ್ಕಿನಿಂದ. 1884ರಲ್ಲಿ ವಿಯೆನ್ನಾದ ಕಣ್ಣಿನ ವೈದ್ಯ ಕಾರ್ಲ್ ಕಾಲರ್, ಕೊಕೇನ್ ದ್ರಾವಣದ ಹನಿಗಳಿಂದ ಕಣ್ಣನ್ನು ಮರಗಟ್ಟಿಸಿ ಶಸ್ತ್ರಚಿಕಿತ್ಸೆ ಮಾಡಬಹುದೆಂದು ತೋರಿಸಿದ. ಕೊಕೇನಿಗೆ ಇನ್ನೊಂದು ಗುಣವೂ ಇತ್ತು, ಅದು ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಮೂಗು ಕಟ್ಟುವುದು ಬರೀ ಸಿಂಬಳದಿಂದಲ್ಲ. ಮೂಗಿನೊಳಗೆ ಎರಡೂ ಬದಿಗೆ ಸುರುಳಿಯಾಕಾರದ ಮೂಳೆಗಳಿವೆ, ಅವುಗಳ ಮೇಲಿನ ಪೊರೆಯಲ್ಲಿ ರಕ್ತನಾಳಗಳು ಕಿಕ್ಕಿರಿದಿವೆ. ಅಲರ್ಜಿಯಾದಾಗ ಅವು ರಕ್ತ ತುಂಬಿಕೊಂಡು ಉಬ್ಬುತ್ತವೆ, ಗಾಳಿಯ ದಾರಿ ಮುಚ್ಚುತ್ತದೆ. ಆ ನಾಳಗಳನ್ನು ಕುಗ್ಗಿಸಿದರೆ ದಾರಿ ತೆರೆಯುತ್ತದೆ.

ಅಮೆರಿಕದಲ್ಲಿ ಆ ಹೊತ್ತಿಗೆ ಹೇ ಫೀವರ್ ರೋಗಿಗಳದೇ ಒಂದು ಸಂಘವಿತ್ತು. ಬೇಸಿಗೆಯಲ್ಲಿ ಪರಾಗ ತಪ್ಪಿಸಿಕೊಳ್ಳಲು ನ್ಯೂ ಹ್ಯಾಂಪ್‌ಶೈರಿನ ಬೆಟ್ಟಗಳಿಗೆ ಹೋಗುತ್ತಿದ್ದ ಸಿರಿವಂತರು 1874ರಲ್ಲಿ ಕಟ್ಟಿಕೊಂಡದ್ದು. ಬೆಟ್ಟಕ್ಕೆ ಹೋಗಲಾರದವರಿಗೂ ಈಗ ಪರಿಹಾರ ಸಿಕ್ಕಂತಾಯಿತು. ಆ ಸಂಘವೇ ಕೊಕೇನನ್ನು ಒಪ್ಪಿ ಶಿಫಾರಸು ಮಾಡಿತು. ನಶ್ಯದಂತೆ ಏರಿಸುವ ಕೊಕೇನ್ ಪುಡಿಗಳು ‘ನೆಗಡಿಗೆ, ಹೇ ಫೀವರಿಗೆ’ ಎಂಬ ಹೆಸರಿನಲ್ಲಿ ಅಂಗಡಿಗಳಲ್ಲಿ ಮಾರಾಟವಾದವು. ಕೆಲವು ಡಬ್ಬಿಗಳಲ್ಲಿ ಇದ್ದದ್ದು ಬಹುಪಾಲು ಕೊಕೇನೇ. ಮೂಗಿಗಾಗಿ ಶುರುಮಾಡಿದವರು ಚಟಕ್ಕೆ ಬಿದ್ದರು. 1906ರ ಕಾನೂನು ಡಬ್ಬಿಯ ಮೇಲೆ ಕೊಕೇನ್ ಇದೆಯೆಂದು ಬರೆಯಲೇಬೇಕೆಂದಿತು, 1914ರ ಕಾನೂನು ಮಾರಾಟಕ್ಕೇ ಕಡಿವಾಣ ಹಾಕಿತು.

ಪಾಠ ಕಲಿತಂತೆ ಕಂಡಿತು, ಆದರೆ ಕಲಿತದ್ದು ಅರ್ಧ. ಕೊಕೇನ್ ಹೋಯಿತು, ರಕ್ತನಾಳ ಕುಗ್ಗಿಸುವ ಉಪಾಯ ಉಳಿಯಿತು. 1901ರಲ್ಲಿ ನ್ಯೂಯಾರ್ಕಿನಲ್ಲಿದ್ದ ಜಪಾನಿ ರಸಾಯನತಜ್ಞ ಜೋಕಿಚಿ ತಕಾಮಿನೆ ಅಡ್ರಿನಲಿನನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದ್ದ; ವೈದ್ಯರು ಅದನ್ನು ಮೂಗಿಗೆ ಸಿಂಪಡಿಸಿದರು. 1920ರ ದಶಕದಲ್ಲಿ ಚೀನಾದ ಹಳೆಯ ಮೂಲಿಕೆಯಿಂದ ಬಂದ ಎಫೆಡ್ರಿನ್ ಚಾಲ್ತಿಗೆ ಬಂತು. 1930ರ ದಶಕದ ಆರಂಭದಲ್ಲಿ ಅಮೆರಿಕದ ಒಂದು ಕಂಪನಿ ಬೆನ್‌ಜೆಡ್ರಿನ್ ಎಂಬ ಇನ್‌ಹೇಲರ್ ತಂದಿತು. ಕೊಳವೆಯೊಳಗಿನ ಮಡಿಕೆಯಿಂದ ಬರುವ ಆವಿ ಎಳೆದುಕೊಂಡರೆ ಮೂಗು ತೆರೆಯುತ್ತಿತ್ತು. ಆ ಆವಿ ಆಂಫೆಟಮೈನಿನದು. ಕೊಳವೆ ಒಡೆದು, ಒಳಗಿನ ಪಟ್ಟಿಯನ್ನು ಕಾಫಿಯಲ್ಲಿ ಅದ್ದಿ ಕುಡಿದರೆ ರಾತ್ರಿಯಿಡೀ ನಿದ್ದೆ ಬಾರದು ಎಂಬುದನ್ನು ಜನ ಬೇಗ ಕಂಡುಕೊಂಡರು. 1949ರಲ್ಲಿ ಕಂಪನಿ ಆಂಫೆಟಮೈನ್ ತೆಗೆದು ಬೇರೆ ರಾಸಾಯನಿಕ ಹಾಕಿತು.

ಔಷಧವೇ ರೋಗವಾದಾಗ

ಚಟವಿಲ್ಲದ, ಮತ್ತೇರದ, ಮೂಗನ್ನಷ್ಟೇ ಮುಟ್ಟುವ ಔಷಧ ಬೇಕಿತ್ತು. 1940ರ ದಶಕದಲ್ಲಿ ನಾಫಜೋಲಿನ್ ಬಂತು, ಆಮೇಲೆ ಕ್ಸೈಲೋಮೆಟಜೋಲಿನ್, 1961ರ ಹೊತ್ತಿಗೆ ಜರ್ಮನಿಯಲ್ಲಿ ಆಕ್ಸಿಮೆಟಜೋಲಿನ್. ಭಾರತದ ಮನೆಮನೆಗೂ ಗೊತ್ತಿರುವ ಒಟ್ರಿವಿನ್, ನಾಸಿವಿಯಾನ್ ಈ ಗುಂಪಿನವು. ತಲೆಗೆ ಏರುವುದಿಲ್ಲ, ಕೆಲಸ ಶುರುವಾಗಲು ನಿಮಿಷಗಳು ಸಾಕು, ಪರಿಣಾಮ ಗಂಟೆಗಟ್ಟಲೆ ನಿಲ್ಲುತ್ತದೆ. ಬೇಕಾದದ್ದೆಲ್ಲ ಸಿಕ್ಕಿತು ಅನ್ನಿಸಿತು.

ಆದರೆ ಕೆಲವೇ ವರ್ಷಗಳಲ್ಲಿ ಕಿವಿ ಮೂಗು ಗಂಟಲು ತಜ್ಞರ ಬಳಿ ಹೊಸ ಬಗೆಯ ರೋಗಿಗಳು ಬರತೊಡಗಿದರು. ಅವರಿಗೆ ಅಲರ್ಜಿಯ ಕಾಲ ಮುಗಿದಿತ್ತು, ನೆಗಡಿ ಹೋಗಿತ್ತು, ಆದರೂ ಮೂಗು ಕಟ್ಟಿತ್ತು. ಹನಿ ಹಾಕಿದರೆ ಮಾತ್ರ ತೆರೆಯುತ್ತಿತ್ತು. ಮೊದಲು ಆರು ಗಂಟೆಗೊಮ್ಮೆ, ಆಮೇಲೆ ಮೂರು ಗಂಟೆಗೊಮ್ಮೆ, ಕೊನೆಗೆ ದಿಂಬಿನ ಪಕ್ಕದಲ್ಲಿ ಬಾಟಲಿ ಇಲ್ಲದೆ ಮಲಗಲಾರದ ಸ್ಥಿತಿ. ನಾಳಗಳನ್ನು ಬಲವಂತವಾಗಿ ಕುಗ್ಗಿಸುತ್ತಾ ಹೋದರೆ, ಔಷಧದ ಬಲ ಇಳಿದಾಗ ಅವು ಮೊದಲಿಗಿಂತ ಹೆಚ್ಚು ಉಬ್ಬುತ್ತವೆ. ದಿನ ಕಳೆದಂತೆ ಅದೇ ಪ್ರಮಾಣಕ್ಕೆ ಸ್ಪಂದಿಸುವುದನ್ನೂ ಬಿಡುತ್ತವೆ. 1940ರ ದಶಕದಲ್ಲಿ ಇದಕ್ಕೆ ಒಂದು ಹೆಸರು ಬಂತು: ರೈನೈಟಿಸ್ ಮೆಡಿಕಮೆಂಟೋಸಾ, ಅಂದರೆ ಔಷಧದಿಂದ ಹುಟ್ಟಿದ ಮೂಗಿನ ಉರಿಯೂತ. ಇಂಥ ಸ್ಪ್ರೇ ಮೂರರಿಂದ ಐದು ದಿನ ಮೀರಬಾರದು ಎಂಬ ಎಚ್ಚರಿಕೆ ಅಲ್ಲಿಂದ ಬಂದದ್ದು.

ಈ ಔಷಧಗಳು ಯಾವುವೂ ಅಲರ್ಜಿಯನ್ನು ಮುಟ್ಟಲೇ ಇಲ್ಲ ಎಂಬುದು ಮುಖ್ಯ. ಪರಾಗ ಪೊರೆಯ ಮೇಲೆ ಕೂತಾಗ ಅಲ್ಲಿನ ಕೆಲವು ಜೀವಕೋಶಗಳು ಹಿಸ್ಟಮಿನ್ ಮುಂತಾದ ರಾಸಾಯನಿಕಗಳನ್ನು ಚೆಲ್ಲುತ್ತವೆ. ಸೀನು, ತುರಿಕೆ, ಸೋರಿಕೆ ಶುರುವಾಗುತ್ತದೆ. ಕೆಲವು ಗಂಟೆಗಳ ನಂತರ ಬೇರೆ ಜೀವಕೋಶಗಳ ಗುಂಪು ಬಂದು ಸೇರಿ ಪೊರೆ ದಿನಗಟ್ಟಲೆ ಊದಿಕೊಳ್ಳುತ್ತದೆ. ನಾಳ ಕುಗ್ಗಿಸುವ ಹನಿ ಈ ಜಗಳವನ್ನು ನಿಲ್ಲಿಸುವುದಿಲ್ಲ, ಬಾಗಿಲನ್ನಷ್ಟೇ ಸ್ವಲ್ಪ ಹೊತ್ತು ತೆರೆದಿಡುತ್ತದೆ.

ತನ್ನ ಶ್ವಾಸಕೋಶವನ್ನೇ ಪ್ರಯೋಗಶಾಲೆ ಮಾಡಿಕೊಂಡವನು

ಜಗಳದ ಮೂಲಕ್ಕೆ ಕೈಹಾಕಿದವರಲ್ಲಿ ರೋಜರ್ ಆಲ್ಟೂನ್ಯನ್ ಒಬ್ಬ. ಸಿರಿಯಾದ ಅಲೆಪ್ಪೊ ಊರಿನ ವೈದ್ಯರ ಮನೆತನದವನು. ಆರ್ಥರ್ ರ‍್ಯಾನ್ಸಮ್ ಬರೆದ ‘ಸ್ವಾಲೋಸ್ ಆ್ಯಂಡ್ ಅಮೆಜಾನ್ಸ್’ ಎಂಬ ಮಕ್ಕಳ ಕಾದಂಬರಿಯ ಪುಟ್ಟ ರೋಜರ್‌ಗೆ ಮಾದರಿ ಇವನೇ. ದೊಡ್ಡವನಾಗಿ ಇಂಗ್ಲೆಂಡಿನ ಔಷಧ ಕಂಪನಿ ಸೇರಿದ ಆಲ್ಟೂನ್ಯನ್‌ಗೆ ಆಸ್ತಮಾ ಇತ್ತು, ಗಿನಿ ಪಿಗ್ ಕೂದಲಿನ ಅಲರ್ಜಿ ಇತ್ತು. ಈಜಿಪ್ಟಿನ ಕಡೆ ಬೆಳೆಯುವ ಒಂದು ಗಿಡದ ಬೀಜದಿಂದ ಬಂದ ರಾಸಾಯನಿಕವನ್ನು ಬಗೆಬಗೆಯಾಗಿ ಮಾರ್ಪಡಿಸಿದ ನೂರಾರು ಪದಾರ್ಥಗಳನ್ನು ಅವನು ವರ್ಷಗಟ್ಟಲೆ ತಾನೇ ಉಸಿರಿನಲ್ಲಿ ಎಳೆದುಕೊಂಡ. ಬಳಿಕ ಗಿನಿ ಪಿಗ್ ಕೂದಲಿನ ಸಾರವನ್ನು ಎಳೆದುಕೊಂಡು, ಬರುವ ಆಸ್ತಮಾ ಎಷ್ಟು ಕಡಿಮೆಯಾಯಿತೆಂದು ಅಳೆದ. 1965ರಲ್ಲಿ ಸಿಕ್ಕಿದ ಕ್ರೋಮೋಗ್ಲೈಕೇಟ್ ಜೀವಕೋಶಗಳು ಹಿಸ್ಟಮಿನ್ ಚೆಲ್ಲುವುದನ್ನೇ ತಡೆಯುತ್ತಿತ್ತು. 1968ರಲ್ಲಿ ಆಸ್ತಮಾಗೆ, ಕೆಲವು ವರ್ಷಗಳ ನಂತರ ಮೂಗಿಗೆ ಬಂತು. ಅಪಾಯ ತೀರಾ ಕಡಿಮೆ. ಆದರೆ ಅಲರ್ಜಿ ಶುರುವಾಗುವ ಮೊದಲೇ ಹಾಕಬೇಕು, ದಿನಕ್ಕೆ ನಾಲ್ಕು ಬಾರಿ ಹಾಕಬೇಕು. ಅಷ್ಟು ಶಿಸ್ತು ಎಷ್ಟು ಜನರಿಗೆ ಸಾಧ್ಯ?

ಹೆಸರು ಕೆಡಿಸಿಕೊಂಡ ಸ್ಟೀರಾಯ್ಡ್

ಸ್ಟೀರಾಯ್ಡಿನ ಕಥೆ ಪವಾಡದಿಂದ ಶುರುವಾಗುತ್ತದೆ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಸಂಧಿವಾತದಿಂದ ಏಳಲಾರದೆ ಮಲಗಿದ್ದವರು ಕಾರ್ಟಿಸೋನ್ ಚುಚ್ಚುಮದ್ದಿನ ನಂತರ ದಿನಗಳಲ್ಲೇ ಎದ್ದು ನಡೆದಾಡಿದರು. 1950ರಲ್ಲಿ ಅದಕ್ಕೆ ನೊಬೆಲ್ ಬಂತು. ಅಲರ್ಜಿಯ ಮೇಲೂ ಅದರ ಬಲ ಅಷ್ಟೇ ಎಂದು ಬೇಗ ತಿಳಿಯಿತು. ಜೊತೆಗೇ ಬೆಲೆಯೂ ತಿಳಿಯಿತು: ಮುಖ ಊದುವುದು, ಸಕ್ಕರೆ ಏರುವುದು, ಮೂಳೆ ಟೊಳ್ಳಾಗುವುದು, ದೇಹ ತಾನೇ ತಯಾರಿಸುವ ಹಾರ್ಮೋನು ನಿಂತುಹೋಗುವುದು. ಸೀನಿಗಾಗಿ ಇಷ್ಟು ಬೆಲೆ ತೆರುವುದು ನ್ಯಾಯವಲ್ಲ. ಮೂಗಿಗಷ್ಟೇ ಹಾಕಿದರೆ ಹೇಗೆಂದು ಡೆಕ್ಸಮೆಥಸೋನ್ ಸ್ಪ್ರೇ ಮಾಡಿ ನೋಡಿದರು. ಕೆಲಸ ಮಾಡಿತು, ಆದರೆ ಮೂಗಿನಿಂದ ರಕ್ತಕ್ಕೆ ಸೇರಿ ಮತ್ತೆ ಅದೇ ತೊಂದರೆ ತಂದಿತು. ಇಂದಿಗೂ ಆ ಪದ ಕೇಳಿದರೆ ಬರುವ ಹೆದರಿಕೆ ಆ ಕಾಲದ್ದು. ಅದು ಸುಮ್ಮನೆ ಹುಟ್ಟಿದ ಹೆದರಿಕೆಯಲ್ಲ.

ದಾರಿ ತೋರಿದ್ದು ಚರ್ಮದ ಮುಲಾಮು. 1960ರ ದಶಕದಲ್ಲಿ ಗ್ಲಾಕ್ಸೊ ಕಂಪನಿ ಹಚ್ಚಿದ ಜಾಗದಲ್ಲೇ ಬಲವಾಗಿ ಕೆಲಸ ಮಾಡುವ ಸ್ಟೀರಾಯ್ಡುಗಳನ್ನು ತಯಾರಿಸಿತ್ತು. ಬೆಟ್ನೊವೇಟ್ ಅವುಗಳಲ್ಲಿ ಒಂದು. ಅದೇ ಕುಟುಂಬದ ಬೆಕ್ಲೊಮೆಥಸೋನನ್ನು ಉಸಿರಿನ ಮೂಲಕ ಕೊಟ್ಟರೆ ಹೇಗೆಂದು ಯೋಚಿಸಿದ್ದು ಅದೇ ಬಳಗದ ಡೇವಿಡ್ ಜ್ಯಾಕ್ ಮತ್ತು ಸಂಗಡಿಗರು, ಸಾಲ್ಬುಟಮಾಲ್ ಕೊಟ್ಟವರೂ ಅವರೇ. 1972ರಲ್ಲಿ ಆಸ್ತಮಾ ಇನ್‌ಹೇಲರ್ ಬಂತು. ಮರುವರ್ಷ ಡೆನ್ಮಾರ್ಕಿನ ನೀಲ್ಸ್ ಮಿಗಿಂಡ್ ಅದನ್ನು ಹೇ ಫೀವರ್ ರೋಗಿಗಳ ಮೂಗಿಗೆ ಹಾಕಿ ಪರೀಕ್ಷಿಸಿದ ವರದಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಮೈಕ್ರೋಗ್ರಾಂಗಳಲ್ಲಿ ಅಳೆಯುವಷ್ಟು ಸಣ್ಣ ಪ್ರಮಾಣ ಸಾಕಾಗಿತ್ತು.

ಅಲ್ಲಿಂದ ಮುಂದಿನದು ಸುಧಾರಣೆಯ ಕಥೆ. ಸ್ವೀಡನ್ನಿನಿಂದ ಬುಡೆಸೊನೈಡ್, 1990ರ ದಶಕದಲ್ಲಿ ಫ್ಲೂಟಿಕಾಸೋನ್, ಮೊಮೆಟಾಸೋನ್. ಸೀನು ನಿಲ್ಲಿಸುವುದರಲ್ಲಿ ಇವುಗಳ ನಡುವೆ ದೊಡ್ಡ ಅಂತರವಿಲ್ಲ. ಅಂತರ ಇರುವುದು ರಕ್ತಕ್ಕೆ ಎಷ್ಟು ಸೇರುತ್ತದೆ ಎಂಬುದರಲ್ಲಿ. ಸ್ಪ್ರೇ ಹಾಕಿದಾಗ ಬಹುಭಾಗ ಗಂಟಲಿಗಿಳಿದು ಹೊಟ್ಟೆಗೆ ಹೋಗುತ್ತದೆ. ಬುಡೆಸೊನೈಡಿನಲ್ಲಿ ಹಾಕಿದ್ದರ ಸುಮಾರು ಮೂರನೇ ಒಂದು ಭಾಗ ರಕ್ತಕ್ಕೆ ತಲುಪುತ್ತದೆ. ಫ್ಲೂಟಿಕಾಸೋನಿನಲ್ಲಿ ಅದು ನೂರಕ್ಕೆ ಎರಡಕ್ಕಿಂತ ಕಡಿಮೆ, ಮೊಮೆಟಾಸೋನಿನಲ್ಲಿ ಒಂದಕ್ಕಿಂತ ಕಡಿಮೆ. ನುಂಗಿದ್ದನ್ನು ಯಕೃತ್ತು ಹೆಚ್ಚುಕಡಿಮೆ ಪೂರ್ತಿ ನಾಶಮಾಡುತ್ತದೆ.

ಈ ಲೆಕ್ಕ ಕಾಗದದ ಮೇಲಿನದಷ್ಟೇ ಅಲ್ಲ ಎಂದು 2000ದಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ತೋರಿಸಿದವು. ಒಂದರಲ್ಲಿ, ಒಂದು ವರ್ಷ ದಿನಕ್ಕೆರಡು ಬಾರಿ ಬೆಕ್ಲೊಮೆಥಸೋನ್ ಹಾಕಿಸಿಕೊಂಡ ಮಕ್ಕಳು ಸರಾಸರಿ 5 ಸೆಂಟಿಮೀಟರ್ ಬೆಳೆದರು. ಔಷಧವಿಲ್ಲದ ಸ್ಪ್ರೇ ಹಾಕಿಸಿಕೊಂಡವರು 5.9 ಸೆಂಟಿಮೀಟರ್. ಮೊಮೆಟಾಸೋನಿನ ಅಂಥದೇ ಅಧ್ಯಯನದಲ್ಲಿ ಬೆಳವಣಿಗೆ ಕುಂಠಿತವಾದದ್ದು ಕಾಣಲಿಲ್ಲ. ಮಕ್ಕಳಿಗೆ ಯಾವ ಸ್ಪ್ರೇ ಎಂದು ವೈದ್ಯರು ಆರಿಸಿ ಬರೆಯುವುದು, ಎತ್ತರ ಅಳೆಯುತ್ತಿರಿ ಎನ್ನುವುದು ಇದಕ್ಕಾಗಿ. ಸ್ಟೀರಾಯ್ಡ್ ಎಂಬ ಒಂದೇ ಪದದ ಅಡಿಯಲ್ಲಿ ಎಷ್ಟು ಬೇರೆ ಬೇರೆ ವಸ್ತುಗಳಿವೆ ಎಂಬುದು ಡಬ್ಬಿಯ ಚೀಟಿ ಓದಿ ಹೆದರುವವರಿಗೆ ಗೊತ್ತಾಗುವುದಿಲ್ಲ.

ತಕ್ಕಡಿಯಲ್ಲಿ

1998ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಮೂಗಿನ ಸ್ಟೀರಾಯ್ಡ್ ಮತ್ತು ಅಲರ್ಜಿ ಮಾತ್ರೆಗಳನ್ನು ಹೋಲಿಸಿದ ಸಮೀಕ್ಷೆ ಬಂತು. 16 ಪ್ರಯೋಗಗಳು, 2,267 ರೋಗಿಗಳು. ಮೂಗು ಕಟ್ಟುವುದು, ಸೋರುವುದು, ಸೀನು, ತುರಿಕೆ ನಾಲ್ಕರಲ್ಲೂ ಸ್ಪ್ರೇ ಮುಂದಿತ್ತು. ಕಣ್ಣಿನ ಉರಿಯಲ್ಲಿ ಮಾತ್ರ ಎರಡೂ ಹೆಚ್ಚುಕಡಿಮೆ ಸಮ. ಮೂಗು ಬಿಡಿಸುವ ಮಾತ್ರೆಗಳ ಪಾಡು ಇನ್ನೂ ಕಷ್ಟದ್ದು. ನೆಗಡಿ ಮಾತ್ರೆಗಳಲ್ಲಿ ಸಾಮಾನ್ಯವಾಗಿರುವ ಫೆನೈಲೆಫ್ರಿನ್ ಬಾಯಿಯ ಮೂಲಕ ತೆಗೆದುಕೊಂಡರೆ ಮೂಗಿಗೆ ಉಪಯೋಗವಿಲ್ಲವೆಂದು 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ತಜ್ಞ ಸಮಿತಿ ಒಮ್ಮತದಿಂದ ಹೇಳಿತು.

ಇಷ್ಟಾದರೂ ಸ್ಟೀರಾಯ್ಡ್ ಸ್ಪ್ರೇಯ ನಿಧಾನಗತಿ ತೊಡಕಾಗಿಯೇ ಉಳಿಯಿತು. ಪರಿಣಾಮ ಶುರುವಾಗಲು ಹಲವು ಗಂಟೆ, ಪೂರ್ತಿ ಫಲಕ್ಕೆ ಒಂದೆರಡು ವಾರ. ಅಜೆಲಾಸ್ಟಿನ್ ಎಂಬ ಹಿಸ್ಟಮಿನ್ ತಡೆಯುವ ಸ್ಪ್ರೇಗೆ ಕಾಲು, ಅರ್ಧ ಗಂಟೆ ಸಾಕು. ಬಾಯಿ ಕಹಿಯಾಗುತ್ತದೆ, ಉಬ್ಬಿದ ಪೊರೆಯ ಮೇಲೆ ಸ್ಟೀರಾಯ್ಡಿನಷ್ಟು ಹಿಡಿತವಿಲ್ಲ. ಎರಡನ್ನೂ ಒಂದೇ ಬಾಟಲಿಗೆ ತಂದದ್ದು ಮುಂಬಯಿಯ ಸಿಪ್ಲಾ. ಫ್ಲೂಟಿಕಾಸೋನ್ ಮತ್ತು ಅಜೆಲಾಸ್ಟಿನ್ ಕೂಡಿದ ಸ್ಪ್ರೇ ಭಾರತದ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದ ಎಷ್ಟೋ ವರ್ಷಗಳ ನಂತರ, 2012ರಲ್ಲಿ, ಸಿಪ್ಲಾದ ಪೇಟೆಂಟ್ ಪಡೆದ ಯುರೋಪಿನ ಕಂಪನಿಯೊಂದರ ಮೂಲಕ ಅದು ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಅದೇ ವರ್ಷ ಪ್ರಕಟವಾದ 3,398 ರೋಗಿಗಳ ಪ್ರಯೋಗಗಳಲ್ಲಿ ಜೋಡಿ ಸ್ಪ್ರೇ ಎರಡೂ ಬಿಡಿ ಔಷಧಗಳಿಗಿಂತ ಹೆಚ್ಚು ಗುಣ ತೋರಿತು. ಬೇಗ ಸಿಗುವ ಸಮಾಧಾನವೂ ನಿಧಾನದ ಗುಣವೂ ಒಟ್ಟಿಗೆ ಬಂದದ್ದು ಹೀಗೆ.

ಕಾಂಗ್ರೆಸ್ ಗಿಡ, ಬಳ್ಳಾರಿ ಜಾಲಿ

ಹೇ ಫೀವರ್ ಇಂಗ್ಲೆಂಡಿನ ಹುಲ್ಲುಗಾವಲಿನ ಹೆಸರು. ಕಾಯಿಲೆ ಎಲ್ಲ ಕಡೆಯದು. ದೆಹಲಿಯಲ್ಲಿ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟಿನ ಡಿ. ಎನ್. ಶಿವಪುರಿ 1950ರ ದಶಕದಿಂದ ನಗರದ ಗಾಳಿಯ ಪರಾಗಗಳನ್ನು ಪಟ್ಟಿಮಾಡಿದರು. ಅಲ್ಲಿ ವಿಲಾಯತಿ ಕೀಕರ್ ಎಂದು ಕರೆಯುವ, ಸೀನು ತರಿಸುವ ಮರ ನಮ್ಮ ಬಳ್ಳಾರಿ ಜಾಲಿ. ವಸಂತದಲ್ಲಿ ಕಾಡುವ ಇನ್ನೊಂದು ಮರ ಕನ್ನಡದ ತಪಸಿ. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ದೇಶವಿಡೀ ಹಬ್ಬಿದ ಪಾರ್ಥೇನಿಯಂ ಮರಾಠಿಯಲ್ಲಿ ಗಾಜರ್ ಗವತ್, ಕನ್ನಡದಲ್ಲಿ ಕಾಂಗ್ರೆಸ್ ಗಿಡ. ಅದರ ಪರಾಗ ಬೆಂಗಳೂರಿಗರ ಮೂಗಿಗೆ ಏನು ಮಾಡುತ್ತದೆಂದು 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ವಿ. ಸುಬ್ಬರಾವ್ ಮತ್ತು ಸಂಗಡಿಗರು ರೋಗಿಗಳ ರಕ್ತ, ಚರ್ಮಗಳನ್ನು ಪರೀಕ್ಷಿಸಿ ತೋರಿಸಿದರು. ಮುಂಬಯಿ, ಚೆನ್ನೈಗಳ ತೇವದಲ್ಲಿ ಹಾಸಿಗೆ ದಿಂಬುಗಳ ಧೂಳಿನ ನುಸಿ ವರ್ಷವಿಡೀ ಕಾಡುತ್ತದೆ.

ವರ್ಷವಿಡೀ ಕಾಡುವ ಕಾಯಿಲೆಗೆ ಐದು ದಿನ ಮಾತ್ರ ಬಳಸಬಹುದಾದ ಬಾಟಲಿ ಆಸರೆಯಾಗಲಾರದು. ಆದರೂ ಅಂಗಡಿಯಲ್ಲಿ ‘ಬೇಗ ಮೂಗು ಬಿಡುವಂಥದ್ದು ಕೊಡಿ’ ಎಂದೇ ಕೇಳುತ್ತಾರೆ. ಸ್ಟೀರಾಯ್ಡ್ ಸ್ಪ್ರೇ ಬರೆಸಿಕೊಂಡವರೂ ತಪ್ಪು ಹಿಡಿದು, ನಡುಗೋಡೆಗೆ ಗುರಿಯಿಟ್ಟು ಹಾಕಿ, ರಕ್ತ ಬಂತೆಂದು ನಿಲ್ಲಿಸುತ್ತಾರೆ. ತಲೆ ಸ್ವಲ್ಪ ಬಗ್ಗಿಸಿ, ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ, ತುದಿ ಕಿವಿಯ ಕಡೆ ಇರುವಂತೆ ಹಿಡಿದು ಹಾಕಬೇಕು. ಮೆಲ್ಲಗೆ ಉಸಿರೆಳೆದರೆ ಸಾಕು, ಜೋರಾಗಿ ಎಳೆದರೆ ಔಷಧ ಗಂಟಲಿಗೆ ಹೋಗುತ್ತದೆ.

ಬಾಸ್ಟಾಕ್ ತನ್ನ ಕಾಯಿಲೆಯನ್ನು ಪ್ರತಿ ಬೇಸಿಗೆ ಗಮನಿಸಿ, ಬರೆದಿಟ್ಟು, ಬಲ್ಲವರನ್ನೆಲ್ಲ ಕೇಳಿ, ಮತ್ತೊಂದು ಬೇಸಿಗೆ ಕಾದ. ಅವನಿಗೆ ಔಷಧ ಸಿಗಲಿಲ್ಲ. ಅವನಿಗೆ ಸಿಗದ ಔಷಧ ಇಂದು ಬೀದಿ ತಿರುವಿನ ಅಂಗಡಿಯಲ್ಲಿದೆ. ಅದನ್ನು ಪರೀಕ್ಷಿಸಲು ಒಂಬತ್ತು ವರ್ಷ ಬೇಡ, ವೈದ್ಯರ ಚೀಟಿಯೊಂದಿಗೆ ತಂದು ಹದಿನೈದು ದಿನ ತಪ್ಪದೆ ಹಾಕಿದರೆ ಸಾಕು.